ಮತ್ತೆ ವಿದ್ಯಾರ್ಥಿನಿಯಾದಾಗ: ಛಾಯಾಗ್ರಹಣ ಶಿಬಿರದಿಂದ ಬೋಧನಾಭ್ಯಾಸಕ್ಕೆ

ಬೋಧನಾಭ್ಯಾಸದ ಪಾಠಗಳನ್ನು ವೀಕ್ಷಿಸುತ್ತ ಹದಿನೆಂಟು ವರ್ಷ ಕಳೆದ ಮೇಲೆ ನಾನು ಕ್ಯಾಮೆರಾ ಹಿಡಿಯುವುದನ್ನು ಕಲಿಯಲು ಸೇರಿಕೊಂಡೆ. ವಾರಾಂತ್ಯದ ನಾಲ್ಕು ತರಗತಿಗಳು, ಆಮೇಲೆ ಹಂಪಿಯಲ್ಲಿ ಎರಡು ದಿನದ ಪ್ರವಾಸ ಶಿಬಿರ. ಹವ್ಯಾಸಕ್ಕೆಂದು ಸೇರಿದ್ದೆ. ಆದರೆ ಅಲ್ಲಿ ಕಲಿತದ್ದರಲ್ಲಿ ಹೆಚ್ಚಿನದು ನನ್ನ ವೃತ್ತಿಗೇ ಸಂಬಂಧಿಸಿದ್ದು. ಹೊಸ ಕೌಶಲವೊಂದನ್ನು ಕಲಿಯುವವರಿಗೆ ಎಲ್ಲಿ ತೊಡಕಾಗುತ್ತದೆ, ಯಾವ ಬಗೆಯ ಸಹಾಯ ಉಪಯೋಗಕ್ಕೆ ಬರುತ್ತದೆ ಎಂಬುದನ್ನು ಆ ಅನುಭವದ ಆಧಾರದ ಮೇಲೆ ವಿವರಿಸುತ್ತೇನೆ.

ತಿಳಿದದ್ದು ಕೈಗೆ ಬರಲಿಲ್ಲ

ತರಗತಿಯಲ್ಲಿ ಮೊದಲು ಕಲಿಸಿದ್ದು ಮೂರು ಸಂಗತಿಗಳನ್ನು. ಅಪರ್ಚರ್ ಎಂದರೆ ಲೆನ್ಸಿನೊಳಗಿನ ಕಂಡಿ. ಎಫ್ 4, 5.6, 8 ಎಂದು ಅಂಕಿ ಏರಿದಂತೆ ಕಂಡಿ ಕಿರಿದಾಗಿ, ಪ್ರತಿ ಹೆಜ್ಜೆಗೂ ಬೆಳಕು ಅರ್ಧದಷ್ಟಾಗುತ್ತದೆ. ಶಟರ್ ವೇಗ ಎಂದರೆ ಬೆಳಕು ಒಳಬರುವ ಅವಧಿ. 1/125 ಸೆಕೆಂಡಿನಿಂದ 1/250ಕ್ಕೆ ಹೋದರೆ ಅದೂ ಅರ್ಧ. ಐಎಸ್‌ಒ ಏರಿಸಿದರೆ ಕಡಿಮೆ ಬೆಳಕಿನಲ್ಲೂ ಚಿತ್ರ ಬೆಳ್ಳಗೆ ಮೂಡುತ್ತದೆ, ಆದರೆ ಮರಳು ಚೆಲ್ಲಿದಂತೆ ಕಾಣುತ್ತದೆ. ಹೀಗಾಗಿ ಎಫ್ 8 ಮತ್ತು 1/125 ಕೊಡುವಷ್ಟೇ ಬೆಳಕನ್ನು ಎಫ್ 5.6 ಮತ್ತು 1/250 ಕೂಡ ಕೊಡುತ್ತವೆ. ನಾಲ್ಕನೆಯ ವಾರದ ಕಿರುಪರೀಕ್ಷೆಯಲ್ಲಿ ನನ್ನ ಉತ್ತರಗಳೆಲ್ಲ ಸರಿಯಾಗಿದ್ದವು.

ಹಂಪಿಯಲ್ಲಿ ಎರಡನೆಯ ದಿನದ ಬೆಳಗ್ಗೆ ಮೋಡ ಮುಸುಕಿತ್ತು. ತುಂಗಭದ್ರೆಯಲ್ಲಿ ಹರಿಗೋಲೊಂದು ತಿರುಗುತ್ತ ಬಂತು. ಆತುರದಿಂದ ತೆಗೆದ ಐದು ಚಿತ್ರಗಳೂ ಸುಣ್ಣ ಬಳಿದ ಗೋಡೆಯಂತಿದ್ದವು. ಹಿಂದಿನ ಸಂಜೆ ಕತ್ತಲೆ ಮಂಟಪವೊಂದರಲ್ಲಿ ಇಟ್ಟಿದ್ದ ಐಎಸ್‌ಒ 1600, ಶಟರ್ 1/30 ಹಾಗೆಯೇ ಉಳಿದಿದ್ದವು. ಗೊತ್ತಿಲ್ಲದೆ ಮಾಡಿದ ತಪ್ಪಲ್ಲ ಅದು. ಹರಿಗೋಲು ನೋಡಬೇಕು, ಚೌಕಟ್ಟು ನೋಡಬೇಕು, ಅಂಕಿ ನೋಡಬೇಕು. ಎಲ್ಲವೂ ಒಮ್ಮೆಗೇ ಬಂದಾಗ ಗೊತ್ತಿದ್ದದ್ದೂ ನೆನಪಿಗೆ ಬರಲಿಲ್ಲ.

ಮಾರ್ಗದರ್ಶಕರು ಪರದೆ ನೋಡಿ, "ಮೇಡಂ, ಉಳಿದ ಎರಡನ್ನು ಕ್ಯಾಮೆರಾಕ್ಕೇ ಬಿಡಿ. ಈ ಒಂದು ಗಂಟೆ ಶಟರ್ ಮಾತ್ರ ನೋಡಿಕೊಳ್ಳಿ" ಎಂದರು. ನಾನು ಇಟ್ಟ ಶಟರ್ ವೇಗಕ್ಕೆ ತಕ್ಕಂತೆ ಉಳಿದ ಎರಡನ್ನು ಕ್ಯಾಮೆರಾವೇ ಹೊಂದಿಸಿಕೊಳ್ಳುವ ವಿಧಾನವೊಂದಿದೆ. 1/500ರಲ್ಲಿ ಹುಟ್ಟಿನಿಂದ ಸಿಡಿದ ಹನಿಗಳು ನಿಂತಲ್ಲೇ ನಿಂತವು. 1/15ರಲ್ಲಿ ಹರಿಗೋಲು ಕದಡಿ ಅದರ ತಿರುಗಾಟವೇ ಕಂಡಿತು. ನಾಲ್ಕು ವಾರ ಬಾಯಲ್ಲಿದ್ದ ವಿಷಯ ಒಂದು ಗಂಟೆಯಲ್ಲಿ ಕೈಗೆ ಬಂತು.

ಸೂಕ್ಷ್ಮ ಬೋಧನೆಯ ತತ್ತ್ವವೂ ಇದೇ ತಾನೆ? 1963ರ ಸುಮಾರಿಗೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಆ್ಯಲೆನ್ ಮತ್ತು ಸಂಗಡಿಗರು ಅದನ್ನು ರೂಪಿಸಿದ್ದು ಬೋಧನೆಯ ಸಂಕೀರ್ಣತೆಯನ್ನು ಕುಗ್ಗಿಸುವುದಕ್ಕಾಗಿ: ಒಂದು ಕೌಶಲ, ಕೆಲವೇ ವಿದ್ಯಾರ್ಥಿಗಳು, ಕೆಲವೇ ನಿಮಿಷ. ಇದನ್ನು ವರ್ಷಾನುಗಟ್ಟಲೆ ಬೋಧಿಸಿದವಳು ನಾನು. ಅದರ ಅಗತ್ಯ ಎಷ್ಟೆಂಬುದು ಅರಿವಾದದ್ದು ಮಾತ್ರ ಆ ನದಿ ದಡದಲ್ಲಿ.

ಮೊದಲು ನೋಡುವುದು, ಆಮೇಲೆ ಹೆಸರಿಡುವುದು

ಮೊದಲ ದಿನ ಮಧ್ಯಾಹ್ನ ನಮ್ಮನ್ನು ಕ್ಯಾಮೆರಾ ಚೀಲದಲ್ಲಿಟ್ಟುಕೊಂಡು ವಿರೂಪಾಕ್ಷ ದೇವಸ್ಥಾನಕ್ಕೆ ಕರೆದೊಯ್ದರು. ಗರ್ಭಗುಡಿಯ ಹಿಂಬದಿಯ ಕತ್ತಲೆ ಕೋಣೆಯ ಗೋಡೆಯ ಮೇಲೆ ಪೂರ್ವದ ರಾಜಗೋಪುರ ತಲೆಕೆಳಗಾಗಿ ಮೂಡುತ್ತದೆ. ಮಾರ್ಗದರ್ಶಕರು ವಿವರಿಸಲಿಲ್ಲ, "ಬೆಳಕು ಎಲ್ಲಿಂದ ಬರುತ್ತಿದೆ? ತಲೆಕೆಳಗೇಕೆ?" ಎಂದು ಕೇಳಿ ಸುಮ್ಮನೆ ನಿಂತರು. ನಾವೇ ಹುಡುಕಿದಾಗ ಗೋಡೆಯಲ್ಲೊಂದು ಚಿಕ್ಕ ಕಿಂಡಿ ಸಿಕ್ಕಿತು. ಬೆಳಕು ನೇರ ರೇಖೆಯಲ್ಲಿ ಸಾಗುವುದರಿಂದ ಗೋಪುರದ ತುದಿಯಿಂದ ಬಂದದ್ದು ಕಿಂಡಿ ದಾಟಿ ಕೆಳಕ್ಕೂ, ಬುಡದಿಂದ ಬಂದದ್ದು ಮೇಲಕ್ಕೂ ಬೀಳುತ್ತದೆ. ಕೋಣೆಯೇ ಒಂದು ಕ್ಯಾಮೆರಾ. ಅಪರ್ಚರ್ ಎಂಬ ಪದಕ್ಕೆ ನನಗೆ ಅರ್ಥ ಬಂದದ್ದು ಆಗ. ವಿಜ್ಞಾನ ಬೋಧಿಸುವ ಪ್ರಶಿಕ್ಷಣಾರ್ಥಿಗಳು ಸೂಜಿರಂಧ್ರದ ರಟ್ಟಿನ ಡಬ್ಬಿ ಮತ್ತು ಎಣ್ಣೆ ಸವರಿದ ಕಾಗದದಿಂದ ಇದನ್ನೇ ತರಗತಿಯಲ್ಲಿ ಮಾಡಬಹುದು. ವ್ಯಾಖ್ಯಾನ ಕೊನೆಗೆ ಬರಲಿ.

ವಿಠ್ಠಲ ದೇವಾಲಯದ ಅಂಗಳದಲ್ಲಿ ಇನ್ನೊಂದು ಚಟುವಟಿಕೆ. ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ತೆಗೆದ ಕಲ್ಲಿನ ರಥದ ಚಿತ್ರದ ಪ್ರತಿಯನ್ನು ಕೈಗಿತ್ತು, ಅವರು ಎಲ್ಲಿ ನಿಂತಿದ್ದರು ಹುಡುಕಿ ಎಂದರು. ಆ ಚಿತ್ರದಲ್ಲಿ ರಥದ ಮೇಲೆ ಇಟ್ಟಿಗೆಯ ಶಿಖರವಿದೆ, ಈಗ ಇಲ್ಲ. ಜಾಗ ಹುಡುಕುತ್ತ ಅರ್ಧ ಗಂಟೆ ನೋಡಿದಷ್ಟು ಸೂಕ್ಷ್ಮವಾಗಿ ನಾನು ಆ ರಥವನ್ನು ಹಿಂದೆಂದೂ ನೋಡಿರಲಿಲ್ಲ. ನೋಡಿ ಎಂದು ಹೇಳಿದರೆ ಸಾಲದು, ನೋಡುವುದಕ್ಕೊಂದು ಕಾರಣ ಕೊಡಬೇಕು.

ಒಂದೇ ಸಲಹೆ

ಸಂಜೆ ಚಿತ್ರ ವಿಮರ್ಶೆ. ಒಬ್ಬೊಬ್ಬರೂ ಮೂರು ಚಿತ್ರ ತೋರಿಸಬೇಕು. ಮೊದಲು ತೆಗೆದವರು ತಮ್ಮ ಉದ್ದೇಶ ಹೇಳುವುದು, ಬಳಿಕ ಉಳಿದವರು ತಮಗೆ ಕಂಡದ್ದನ್ನು ಹೇಳುವುದು, ಕೊನೆಗೆ ಮಾರ್ಗದರ್ಶಕರಿಂದ ಮರುದಿನ ಪ್ರಯತ್ನಿಸಲು ಒಂದೇ ಸಲಹೆ. ನನ್ನ ಚಿತ್ರಗಳಲ್ಲಿ ಹತ್ತು ದೋಷಗಳಾದರೂ ಇದ್ದವು. ಪರದೆಯ ಮುಂದೆ ನಿಂತಾಗ ನನ್ನ ಅಂಗೈ ಬೆವರುತ್ತಿತ್ತು. ಅವರು ಹೇಳಿದ್ದು ಇಷ್ಟೇ: "ನಾಳೆ ಎರಡು ಹೆಜ್ಜೆ ಹತ್ತಿರ ಹೋಗಿ."

ಆ ರಾತ್ರಿ ನನಗೆ ನೆನಪಾದದ್ದು ಎರಡು ವರ್ಷದ ಹಿಂದಿನ ಒಬ್ಬ ಪ್ರಶಿಕ್ಷಣಾರ್ಥಿನಿ. ಏಳನೆಯ ತರಗತಿಗೆ ಆಕೆ ಮಾಡಿದ ಗಣಿತ ಪಾಠಕ್ಕೆ ನಾನು ವೀಕ್ಷಣಾ ಪುಸ್ತಕದಲ್ಲಿ ಹದಿನಾಲ್ಕು ಟಿಪ್ಪಣಿ ಬರೆದಿದ್ದೆ. ಒಂದೂ ಸುಳ್ಳಲ್ಲ. ಮುಂದಿನ ಪಾಠದಲ್ಲಿ ಆಕೆ ಹದಿನಾಲ್ಕನ್ನೂ ತಿದ್ದಿಕೊಳ್ಳಲು ಹೋಗಿ ಕಪ್ಪುಹಲಗೆಯತ್ತ ತಿರುಗಿ ನಿಂತುಬಿಟ್ಟಳು. ದಸರಾ ರಜೆಯ ನಂತರ ಕಾಲೇಜಿಗೆ ಮರಳಲಿಲ್ಲ. ಕಾರಣಗಳು ಬೇರೆಯೂ ಇರಬಹುದು. ಆದರೆ ಆ ಪುಟ ನನ್ನ ಕೈಬರಹದಲ್ಲಿದೆ.

ಬೋಧನಾಭ್ಯಾಸಕ್ಕೆ ಅನ್ವಯ

ನಮ್ಮ ದೇಶದಲ್ಲಿ ರೂಢಿಯಲ್ಲಿರುವ ಸೂಕ್ಷ್ಮ ಬೋಧನಾ ಚಕ್ರದಲ್ಲಿ ಬೋಧನೆಗೆ 6 ನಿಮಿಷ, ಹಿಮ್ಮಾಹಿತಿಗೆ 6, ಮರುಯೋಜನೆಗೆ 12, ಮರುಬೋಧನೆಗೆ 6, ಮರುಹಿಮ್ಮಾಹಿತಿಗೆ 6, ಒಟ್ಟು 36 ನಿಮಿಷ. ಹೆಚ್ಚು ಸಮಯ ಮರುಯೋಜನೆಗೆ ಇರುವುದನ್ನು ಗಮನಿಸಬೇಕು. ನಾನು ಮಾರ್ಗದರ್ಶನ ಮಾಡಿದ ಎಷ್ಟೋ ಚಕ್ರಗಳಲ್ಲಿ, ಸಮಯವಿಲ್ಲವೆಂದು, ಮರುಬೋಧನೆ ದಾಖಲೆ ಪುಸ್ತಕದಲ್ಲಿ ಮಾತ್ರ ನಡೆದದ್ದುಂಟು. ಮರುದಿನ ಬೆಳಗ್ಗೆ ಮತ್ತೆ ನದಿಗೆ ಹೋಗುವ ಅವಕಾಶವಿಲ್ಲದಿದ್ದರೆ "ಎರಡು ಹೆಜ್ಜೆ ಹತ್ತಿರ" ಎಂಬ ಸಲಹೆಯಿಂದ ನನಗೇನು ಪ್ರಯೋಜನವಾಗುತ್ತಿತ್ತು?

ಒಂದು ವ್ಯತ್ಯಾಸ ಮರೆಯುವಂತಿಲ್ಲ. ಕೆಟ್ಟ ಚಿತ್ರವನ್ನು ಅಳಿಸಬಹುದು. ಮಕ್ಕಳ ನಲವತ್ತು ನಿಮಿಷವನ್ನು ಮರಳಿಸಲಾಗದು. ಆದ್ದರಿಂದ ಎಡವುವುದಕ್ಕೆ ಮತ್ತು ಮತ್ತೆ ಮಾಡುವುದಕ್ಕೆ ಸಹಪಾಠಿಗಳ ನಡುವೆಯೇ ಧಾರಾಳ ಸಮಯ ಕೊಟ್ಟು, ಆಮೇಲೆ ಶಾಲೆಗೆ ಕಳಿಸಬೇಕು. ವಿಷಯದ ತಪ್ಪನ್ನು ಮಾತ್ರ ಅಂದೇ ತಿದ್ದಬೇಕು, ಅದು ಮಕ್ಕಳ ತಲೆಯಲ್ಲಿ ಉಳಿಯಕೂಡದು.

ಈ ವರ್ಷ ನನ್ನ ವೀಕ್ಷಣೆಯ ಕ್ರಮ ಬದಲಿಸಿದ್ದೇನೆ:

1. ಪಾಠಕ್ಕೆ ಮುಂಚೆ ಪ್ರಶಿಕ್ಷಣಾರ್ಥಿಯೇ ತನ್ನ ಅಂದಿನ ಒಂದು ಗುರಿಯನ್ನು ಪುಸ್ತಕದಲ್ಲಿ ಬರೆಯುವುದು.
2. ಪಾಠದ ನಂತರ ಮೊದಲ ಮಾತು ಪ್ರಶಿಕ್ಷಣಾರ್ಥಿಯದು, ನಂತರ ಸಹಪಾಠಿಗಳದು.
3. ನನ್ನಿಂದ ಒಂದೇ ಸಲಹೆ, ಅದೂ ಮುಂದಿನ ಪಾಠದಲ್ಲಿ ಮಾಡಿ ನೋಡಬಹುದಾದದ್ದು.
4. ಮುಂದಿನ ವೀಕ್ಷಣೆ ಆ ಸಲಹೆಯಿಂದಲೇ ಆರಂಭ.

ಉಳಿದ ಹದಿಮೂರನ್ನು ಈಗ ನನ್ನ ಸ್ವಂತ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ಒಂದೊಂದಾಗಿ ಅವುಗಳ ಸರದಿ ಬರುತ್ತದೆ. ಕೆಲವು ನಾನು ಹೇಳುವ ಮೊದಲೇ ಸರಿಹೋಗಿರುತ್ತವೆ.