ಮಕ್ಕಳ ಚದುರಂಗಕ್ಕೆ ಯಾವ ಮಣೆ, ಯಾವ ಪುಸ್ತಕ?

(ಬಾನುಲಿ ಭಾಷಣದ ಬರಹರೂಪ)

ಮಕ್ಕಳಿಗೆ ಚದುರಂಗ ಕಲಿಸಬೇಕೆಂಬ ಆಸೆ ಈಚೆಗೆ ನಮ್ಮ ಹಳ್ಳಿಗಳಲ್ಲಿಯೂ ಬೇರೂರತೊಡಗಿದೆ. 2024ನೆಯ ಇಸವಿಯ ಡಿಸೆಂಬರ್ 12ರಂದು ಚೆನ್ನೈಯ ಗುಕೇಶ್ ಎಂಬ 18ರ ಹರೆಯದ ತರುಣ ಸಿಂಗಪುರದಲ್ಲಿ ಚೀನಾದ ಡಿಂಗ್ ಲಿರೆನ್ನರನ್ನು ಹದಿನಾಲ್ಕನೆಯ ಆಟದಲ್ಲಿ ಸೋಲಿಸಿ ಜಗಜ್ಜೇತನಾದ ಮೇಲಂತೂ ಈ ಆಸೆಗೆ ಹೊಸ ಚಿಗುರು ಬಂದಿದೆ. ಮಾಣಿ–ಮೈಸೂರು ಹೆದ್ದಾರಿಯಿಂದ ಕಾಸರಗೋಡಿನ ದಾರಿ ಕವಲೊಡೆಯುವ ನಮ್ಮ ಜಾಲ್ಸೂರಿನಲ್ಲಿ ಬಸ್ಸಿಗಾಗಿ ಕಾಯುತ್ತ ನಿಂತಾಗಲೂ ತಂದೆತಾಯಂದಿರು ನನ್ನನ್ನು ಕೇಳುವುದುಂಟು: “ಮಾಷ್ಟ್ರೇ, ಮಗುವಿಗೆ ಯಾವ ಸೆಟ್ಟು ತರಬೇಕು? ಯಾವ ಪುಸ್ತಕ ಒಳ್ಳೆಯದು? ಮೊಬೈಲಿನಲ್ಲಿ ಕಲಿತರೆ ಆಗುವುದಿಲ್ಲವೇ?”

ಶಾಲೆಯ ಕೆಲಸದಿಂದ ನಿವೃತ್ತನಾದ ಬಳಿಕ ಶನಿವಾರದ ಮಧ್ಯಾಹ್ನಗಳಲ್ಲಿ ನೆರೆಕರೆಯ ಮಕ್ಕಳಿಗೆ ಈ ಆಟವನ್ನು ಹೇಳಿಕೊಡುವುದು ನನ್ನ ಹವ್ಯಾಸ. ನಾನು ದೊಡ್ಡ ಆಟಗಾರನಲ್ಲ. ಆದರೆ ಎಂತಹ ಸಾಮಗ್ರಿಯಿಂದ ಮಕ್ಕಳು ಆಟಕ್ಕೆ ಒಲಿಯುತ್ತಾರೆ, ಎಂತಹದರಿಂದ ಬೇಸತ್ತು ದೂರ ಸರಿಯುತ್ತಾರೆ ಎಂಬುದನ್ನು ಹತ್ತಿರದಿಂದ ಕಂಡಿದ್ದೇನೆ. ಅಡಿಕೆಯ ಧಾರಣೆ ಏರಿದ ವರ್ಷ ಹಣ ಕೈಯಲ್ಲಿರಬಹುದು, ಇಳಿದ ವರ್ಷ ಇರಲಾರದು. ಯಾವ ವರ್ಷವಾದರೂ ಸರಿಯೇ, ಬೇಡದ್ದಕ್ಕೆ ಖರ್ಚು ಮಾಡಿ ಬೇಕಾದುದನ್ನು ಮರೆಯಬಾರದಷ್ಟೆ.

ಮೊದಲಿಗೆ ಒಂದು ಮಾತನ್ನು ನೆನಪಿಡಬೇಕು. ಚದುರಂಗ ನಮಗೆ ಪರದೇಶದಿಂದ ಬಂದ ಬಿನ್ನಾಣವಲ್ಲ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳ ಸಾಲಿನಲ್ಲಿ ಚತುರಂಗವೂ ಸೇರಿದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಂತೂ ಕುದುರೆಯೊಂದು 64 ಮನೆಗಳನ್ನೂ ಒಂದೊಂದೇ ಸಲ ಮೆಟ್ಟಿ ಬರುವ ಬಂಧಗಳನ್ನು ರಚಿಸುವುದರಲ್ಲಿ ಪ್ರವೀಣರು. ಅವರ ‘ಶ್ರೀತತ್ತ್ವನಿಧಿ’ಯಲ್ಲಿ ಕೌತುಕನಿಧಿ ಎಂಬ ಭಾಗವೇ ಇಂತಹ ಆಟಗಳಿಗೆ ಮೀಸಲಾಗಿದೆ. ಅರಮನೆಯ ಮಾತು ಹಾಗಿರಲಿ, ನಮ್ಮ ಮನೆಗಳಲ್ಲಿ ಆಟಿ ತಿಂಗಳ ಜಡಿಮಳೆಯಲ್ಲಿ ಅಟ್ಟದಿಂದ ಇಳಿಯುವ ಚೆನ್ನೆಮಣೆಯೇನು ಕಡಿಮೆಯೇ? ಹದಿನಾಲ್ಕು ಗುಳಿಗಳ ಆ ಮಣೆಯಲ್ಲಿ ಕಾಯಿಗಳು ಎಲ್ಲಿ ಮುಗಿದಾವು ಎಂದು ಎತ್ತುವ ಮೊದಲೇ ಮನಸ್ಸಿನಲ್ಲಿ ಎಣಿಸುವ ಮಗು ಚದುರಂಗಕ್ಕೆ ಅರ್ಧ ಸಿದ್ಧವಾದಂತೆಯೇ. ಅಜ್ಜಿಯ ಚೆನ್ನೆಮಣೆಯೂ ನಮ್ಮ ಪಾಠೋಪಕರಣವೇ ಎಂದು ತಿಳಿದರೆ ಹಣದ ಚೀಲ ಬಿಚ್ಚುವ ಆತುರ ಸ್ವಲ್ಪ ತಗ್ಗುತ್ತದೆ.

ಇನ್ನು ಮಣೆ ಮತ್ತು ಕಾಯಿಗಳ ವಿಚಾರ. ಅಂಗಡಿಯಲ್ಲಿ ಕಣ್ಣಿಗೆ ಬೀಳುವುದು ಗಾಜಿನ ಸೆಟ್ಟು, ಕೆತ್ತನೆಯ ಸೈನಿಕರಿರುವ ಸೆಟ್ಟು, ಅಂಗೈಯಗಲದ ಅಯಸ್ಕಾಂತದ ಸೆಟ್ಟು. ಇವು ಮೂರೂ ಕಲಿಯುವ ಮಗುವಿಗೆ ಬೇಡ. ಗಾಜಿನದು ಕಣ್ಣನ್ನು ದಣಿಸುತ್ತದೆ. ಕೆತ್ತನೆಯದರಲ್ಲಿ ಮಂತ್ರಿ ಯಾರು, ಒಂಟೆ ಯಾವುದು ಎಂಬ ಗುರುತೇ ಹತ್ತುವುದಿಲ್ಲ. ಅಯಸ್ಕಾಂತದ್ದು ಪ್ರಯಾಣಕ್ಕೆ ಸರಿ, ಪಾಠಕ್ಕಲ್ಲ. 1849ರಿಂದ ಬಳಕೆಗೆ ಬಂದ ಸ್ಟಾಂಟನ್ ಮಾದರಿಯ ಸಾದಾ ಪ್ಲಾಸ್ಟಿಕ್ ಕಾಯಿಗಳೇ ಸಾಕು. ಜಗತ್ತಿನ ಎಲ್ಲ ಪಂದ್ಯಾಟಗಳಲ್ಲಿಯೂ ಇರುವುದು ಅದೇ ಆಕಾರ. ಪಂದ್ಯಾಟದ ಮಣೆಯಲ್ಲಿ ಒಂದೊಂದು ಮನೆಯ ಅಗಲ 5ರಿಂದ 6 ಸೆಂಟಿಮೀಟರು, ರಾಜನ ಎತ್ತರ ಸುಮಾರು 9.5 ಸೆಂಟಿಮೀಟರು. ಅಳತೆಪಟ್ಟಿ ಇಲ್ಲದಿದ್ದರೆ ಅಂಗಡಿಯಲ್ಲಿಯೇ ಒಂದು ಪರೀಕ್ಷೆ ಮಾಡಬಹುದು: ಒಂದು ಮನೆಯೊಳಗೆ ನಾಲ್ಕು ಕಾಲಾಳುಗಳು ಒತ್ತೊತ್ತಾಗಿ ಹಿಡಿಸಿದರೆ ಮಣೆಗೂ ಕಾಯಿಗೂ ಜೋಡಿ ಸರಿಯಿದೆ ಎಂದರ್ಥ. ಅಂಚಿನಲ್ಲಿ ಅಕ್ಷರ ಮತ್ತು ಅಂಕೆಗಳು ಅಚ್ಚಾಗಿರಬೇಕು. ರಟ್ಟಿನ ಮಣೆ ನಮ್ಮ ಮಳೆಗಾಲವನ್ನು ತಾಳಲಾರದು. ಜುಲೈ ಮುಗಿಯುವುದರೊಳಗೆ ಉಬ್ಬಿ ಬೂಸಲು ಹಿಡಿಯುತ್ತದೆ. ಸುರುಳಿ ಸುತ್ತಿಡಬಹುದಾದ ರೆಕ್ಸಿನ್ ಹಾಸು ಒರೆಸಿದರೆ ಸ್ವಚ್ಛ, ಬೆಲೆಯೂ ಹಗುರ. ಅದೂ ಕಷ್ಟವಾದರೆ 40 ಸೆಂಟಿಮೀಟರಿನ ಚೌಕ ಹಲಗೆಯ ಮೇಲೆ 64 ಮನೆಗಳನ್ನು ಬರೆದು, ಕಾಲಾಳುಗಳ ಬದಲಿಗೆ ಸುಲಿದ ಅಡಿಕೆ, ಸುಲಿಯದ ಅಡಿಕೆ ಇಟ್ಟು ಮೊದಲ ತಿಂಗಳ ಪಾಠವನ್ನು ಸುಖವಾಗಿ ನಡೆಸಬಹುದು. ಪ್ರತಿಯೊಬ್ಬ ಆಟಗಾರನ ಬಲಗೈ ಮೂಲೆಯಲ್ಲಿ ಬಿಳಿಯ ಮನೆ ಬರಬೇಕೆಂಬುದನ್ನು ಮಾತ್ರ ಮರೆಯಬಾರದು.

ಸಾಮಗ್ರಿಯ ಆಯ್ಕೆಗಿಂತಲೂ ಮುಖ್ಯವಾದ ಇನ್ನೊಂದು ಆಯ್ಕೆಯಿದೆ. ಅದರ ಕಡೆಗೆ ಹೆಚ್ಚಿನವರ ಲಕ್ಷ್ಯ ಹರಿಯುವುದಿಲ್ಲ. ನಮ್ಮಲ್ಲಿ ಎರಡು ಬಗೆಯ ಕಟ್ಟಳೆಗಳಿವೆ. ಹಿರಿಯರು ಜಗಲಿಯಲ್ಲಿ ಆಡುತ್ತಿದ್ದ ದೇಶೀ ಕ್ರಮದಲ್ಲಿ ಕಾಲಾಳು ಮೊದಲ ನಡೆಯಲ್ಲಿಯೂ ಒಂದೇ ಮನೆ ಸರಿಯುತ್ತದೆ. ರಾಜನು ಶಹ್ ಬೀಳುವುದಕ್ಕೆ ಮುನ್ನ ಒಮ್ಮೆ ಮಾತ್ರ ಕುದುರೆಯಂತೆ ನೆಗೆಯಬಹುದು. ಕೊನೆಯ ಸಾಲು ಮುಟ್ಟಿದ ಕಾಲಾಳು ಆ ಸಾಲಿನ ಮೂಲ ಕಾಯಿಯಾಗಿ ಬಡ್ತಿ ಪಡೆಯುತ್ತದೆ. ಅಂತರರಾಷ್ಟ್ರೀಯ ಕ್ರಮದಲ್ಲಿ ಕಾಲಾಳು ಮೊದಲ ಸಲ ಎರಡು ಮನೆ ಹೋಗಬಹುದು. ರಾಜ ಮತ್ತು ಆನೆ ಒಂದೇ ನಡೆಯಲ್ಲಿ ಸ್ಥಳ ಬದಲಿಸುವ ಕ್ಯಾಸ್ಲಿಂಗ್ ಇದೆ. ಬಡ್ತಿ ಪಡೆದ ಕಾಲಾಳು ಬೇಕಾದರೆ ಮಂತ್ರಿಯೇ ಆಗಬಹುದು.

ನಮ್ಮ ಕಡೆಯ ಒಬ್ಬ ಹುಡುಗ ಅಜ್ಜನಿಂದ ಆಟ ಕಲಿತವನು, ಚುರುಕು ಬುದ್ಧಿಯವನು. ಒಂದು ಶಾಲಾ ಪಂದ್ಯಾಟಕ್ಕೆ ಹೋದಾಗ ಎದುರಾಳಿಯು ರಾಜನನ್ನು ಎರಡು ಮನೆ ಸರಿಸಿ ಆನೆಯನ್ನು ದಾಟಿಸಿದ್ದನ್ನು ಕಂಡು ಮೋಸವೆಂದು ಕೂಗಿದ. ತಾನು ರಾಜನನ್ನು ನೆಗೆಸಿದಾಗ ತಪ್ಪು ನಡೆ ಎನ್ನಿಸಿಕೊಂಡ. ಮನೆಗೆ ಬಂದವನು “ಅಜ್ಜ ಹೇಳಿಕೊಟ್ಟದ್ದು ಸುಳ್ಳು” ಎಂದು ಅತ್ತನಂತೆ. ಆ ಮಾತು ಹುಡುಗನಿಗಿಂತ ಅಜ್ಜನಿಗೆ ಹೆಚ್ಚು ನಾಟಿತು. ಅವರು ಕಾಯಿ ಮುಟ್ಟುವುದನ್ನೇ ಬಿಟ್ಟರು. ಹೀಗಾಗಬಾರದು. ಅಜ್ಜನದು ಸುಳ್ಳಲ್ಲ, ಇನ್ನೊಂದು ಸಂಪ್ರದಾಯ. ತುಳುವಿನಲ್ಲಿಯೂ ಕನ್ನಡದಲ್ಲಿಯೂ ಮಾತಾಡುವ ಮಗುವಿಗೆ ಎರಡು ಕಟ್ಟಳೆಗಳನ್ನು ಬೇರೆಬೇರೆಯಾಗಿ ತಿಳಿಯುವುದು ಕಷ್ಟವಲ್ಲ. ಇಬ್ಬರನ್ನೂ ಕೂರಿಸಿ, ವ್ಯತ್ಯಾಸಗಳನ್ನು ಒಂದು ಹಾಳೆಯಲ್ಲಿ ಎದುರುಬದುರಾಗಿ ಬರೆದುಕೊಟ್ಟೆ. ಹೊಸದನ್ನು ಹುಡುಗನೇ ಅಜ್ಜನಿಗೆ ಹೇಳಿಕೊಡತೊಡಗಿದ. ಆ ಹಾಳೆಗೆ ಬಿದ್ದ ಖರ್ಚು ಏನೂ ಇಲ್ಲ. ಆದರೆ ಅದಕ್ಕಿಂತ ಒಳ್ಳೆಯ ಪಾಠೋಪಕರಣವನ್ನು ನಾನು ಯಾವ ಅಂಗಡಿಯಲ್ಲಿಯೂ ಕಂಡಿಲ್ಲ.

ಪಾಠದ ಕ್ರಮದಲ್ಲಿಯೂ ವಿವೇಚನೆ ಬೇಕು. ಮೊದಲ ದಿನವೇ 32 ಕಾಯಿಗಳನ್ನು ಜೋಡಿಸಿ ಎಲ್ಲದರ ನಡೆಯನ್ನೂ ಹೇಳಿದರೆ ಮಗು ಕಂಗೆಡುತ್ತದೆ. ಎರಡೂ ಕಡೆ ಎಂಟೆಂಟು ಕಾಲಾಳುಗಳನ್ನು ಮಾತ್ರ ಇಟ್ಟು, ಯಾರದು ಮೊದಲು ಆಚೆಯ ದಡ ಮುಟ್ಟುವುದೋ ಅವರು ಗೆದ್ದರು ಎಂದು ಆಡಿಸಬೇಕು. ಬಳಿಕ ಆನೆ, ಒಂಟೆ, ಮಂತ್ರಿ, ರಾಜ. ಕುದುರೆಯ ನಡೆ ಎಲ್ಲಕ್ಕಿಂತ ತೊಡಕಿನದು. ಅದಕ್ಕೆ ಮುಮ್ಮಡಿಯವರ ವಿನೋದವನ್ನೇ ಸಣ್ಣದಾಗಿ ಬಳಸಬಹುದು: ಐದು ಸಾಲು, ಐದು ಕಂಬಗಳ ಚೌಕದಲ್ಲಿ ಮೂಲೆಯಿಂದ ಹೊರಟು, 25 ಮನೆಗಳನ್ನೂ ಒಮ್ಮೊಮ್ಮೆ ಮೆಟ್ಟಿ ಬರಲು ಹೇಳಬೇಕು. ಮೆಟ್ಟಿದ ಮನೆಯಲ್ಲಿ ಒಂದೊಂದು ಅಡಿಕೆ ಇಟ್ಟರಾಯಿತು. ಎಲ್ಲ ಮನೆಗಳೂ ತುಂಬುವ ಹೊತ್ತಿಗೆ ಕುದುರೆ ಮಗುವಿನ ಕೈವಶವಾಗಿರುತ್ತದೆ.

ಪುಸ್ತಕದ ಮಾತಿಗೆ ಬರೋಣ. ಮಕ್ಕಳ ಚದುರಂಗದ ಪುಸ್ತಕ ಕೊಳ್ಳುವಾಗ ಮೂರು ಅಂಶಗಳನ್ನು ನೋಡಬೇಕು. ಪುಟಪುಟದಲ್ಲಿಯೂ ಮಣೆಯ ಚಿತ್ರವಿರಬೇಕು. ಚಿತ್ರದ ಕೆಳಗೆ ಮಗುವಿಗೊಂದು ಪ್ರಶ್ನೆ ಇರಬೇಕು. ಪ್ರಶ್ನೆಗಳು ಸುಲಭದಿಂದ ಕಠಿಣಕ್ಕೆ ಮೆಟ್ಟಿಲುಮೆಟ್ಟಿಲಾಗಿ ಏರಬೇಕು. 1966ರಲ್ಲಿ ಹೊರಬಂದ ‘ಬಾಬಿ ಫಿಷರ್ ಟೀಚಸ್ ಚೆಸ್’ ಎಂಬ ಇಂಗ್ಲಿಷ್ ಪುಸ್ತಕ ಈ ಬಗೆಯದು. ನಡೆ ಬರೆಯುವ ಸಂಕೇತ ತಿಳಿಯದ ಮಗುವೂ ಚಿತ್ರ ನೋಡಿ ಉತ್ತರ ಹೇಳಬಹುದು. ಹಂಗೆರಿಯ ಲಾಸ್ಲೊ ಪೋಲ್ಗಾರ್ ತಮ್ಮ ಮೂವರು ಹೆಣ್ಣುಮಕ್ಕಳನ್ನು ಮನೆಯಲ್ಲಿಯೇ ಕಲಿಸಿ ಲೋಕಪ್ರಸಿದ್ಧರನ್ನಾಗಿ ಮಾಡಿದವರು. ಅವರ ಹೆಬ್ಬೊತ್ತಗೆಯಲ್ಲಿ 5334 ಸಮಸ್ಯೆಗಳಿವೆ. ಅವುಗಳಲ್ಲಿ ಮೊದಲಿನ 306 ಒಂದೇ ನಡೆಯಲ್ಲಿ ರಾಜನನ್ನು ಕಟ್ಟುವಂಥವು. ನಮ್ಮ ಮಕ್ಕಳಿಗೆ ಒಂದು ವರ್ಷಕ್ಕೆ ಅಷ್ಟೇ ಧಾರಾಳ. ಹಾಲೆಂಡಿನ ಬ್ರೂನಿಯಾ ಮತ್ತು ವಾನ್ ವೈಗರ್ಡೆನ್ ರೂಪಿಸಿದ ‘ಮೆಟ್ಟಿಲು ಪದ್ಧತಿ’ಯ ಅಭ್ಯಾಸಪುಸ್ತಕಗಳು ಶಿಕ್ಷಕರಿಗೆ ಬಹಳ ಉಪಯುಕ್ತ. ಹಳೆಯ ಗ್ರಂಥಾಲಯಗಳಲ್ಲಿ ಸಿಕ್ಕುವ ಪುಸ್ತಕಗಳಲ್ಲಿ ನಡೆಗಳನ್ನು ಬರೆಯುವ ರೀತಿ ಬೇರೆ; ಅವುಗಳನ್ನು ಹಿರಿಯರು ಓದಲಿ, ಮಕ್ಕಳ ಕೈಗೆ ಕೊಟ್ಟು ಗೊಂದಲಗೊಳಿಸುವುದು ಬೇಡ. ಹತ್ತು ನಡೆಗಳಲ್ಲಿ ಎದುರಾಳಿಯನ್ನು ಬಲೆಗೆ ಕೆಡಹುವ ಉಪಾಯಗಳ ಪುಸ್ತಕಗಳಂತೂ ಬೇಡವೇ ಬೇಡ. ಅವು ಬಾಯಿಪಾಠವನ್ನು ಕಲಿಸುತ್ತವೆ, ಯೋಚನೆಯನ್ನಲ್ಲ.

ಇವೆಲ್ಲ ಇಂಗ್ಲಿಷಿನಲ್ಲಿವೆಯಲ್ಲ, ನಮ್ಮ ಕನ್ನಡ ಶಾಲೆಯ ಮಕ್ಕಳ ಗತಿಯೇನು ಎಂದು ಯಾರಾದರೂ ಕೇಳಬಹುದು. ಚಿತ್ರಕ್ಕೆ ಭಾಷೆಯಿಲ್ಲ, ವಿವರಣೆಯನ್ನು ಹಿರಿಯರು ಕನ್ನಡದಲ್ಲಿಯೋ ತುಳುವಿನಲ್ಲಿಯೋ ಅರೆಭಾಷೆಯಲ್ಲಿಯೋ ಹೇಳಲಿ. ಪುಸ್ತಕದ ಕೋಟೆಗೋಪುರವೇ ನಮ್ಮ ಆನೆ, ಕಿರೀಟಧಾರಿಣಿ ರಾಣಿಯೇ ನಮ್ಮ ಮಂತ್ರಿ ಎಂದು ತಿಳಿಸಿದರೆ ಮಗು ನಕ್ಕು ಒಪ್ಪಿಕೊಳ್ಳುತ್ತದೆ. ಇನ್ನೊಂದು ಸಂತೋಷದ ಸಂಗತಿಯೆಂದರೆ, 1924ರಲ್ಲಿ ಪ್ಯಾರಿಸ್ಸಿನಲ್ಲಿ ಸ್ಥಾಪನೆಯಾದ ವಿಶ್ವ ಚದುರಂಗ ಸಂಸ್ಥೆ ಫಿಡೆಯ ನಿಯಮಗಳೇ, ನಡೆ ಬರೆಯುವಾಗ ತಂತಮ್ಮ ದೇಶದಲ್ಲಿ ಬಳಕೆಯಲ್ಲಿರುವ ಕಾಯಿಗಳ ಹೆಸರಿನ ಅಕ್ಷರವನ್ನು ಬಳಸಲು ಅನುಮತಿ ಕೊಟ್ಟಿವೆ. ಆನೆಗೆ ‘ಆ’, ಕುದುರೆಗೆ ‘ಕು’ ಎಂದು ಬರೆಯುವ ಮಗು ಹಿಂದುಳಿದದ್ದೆಂದು ಯಾರೂ ತಿಳಿಯಬೇಕಾಗಿಲ್ಲ. ಎರಡು ರೂಪಾಯಿಯ ಪೆನ್ಸಿಲ್ಲು, ಒಂದು ಗೆರೆಪುಸ್ತಕ ಕೊಟ್ಟು ತಾನಾಡಿದ ಆಟವನ್ನು ತಾನೇ ಬರೆದಿಡುವ ಅಭ್ಯಾಸ ಮಾಡಿಸಬೇಕು. ಸೋತ ಆಟದ ದಾಖಲೆಯಷ್ಟು ಒಳ್ಳೆಯ ಪಠ್ಯಪುಸ್ತಕ ಇನ್ನೊಂದಿಲ್ಲ.

ಮೊಬೈಲನ್ನು ನಾನು ಹಳಿಯುವವನಲ್ಲ. ತೋಟದ ನಡುವಿನ ಒಂಟಿ ಮನೆಯಲ್ಲಿರುವ ಮಗುವಿಗೆ ಸರಿಜೋಡಿ ಸಿಕ್ಕುವುದೇ ಕಷ್ಟ. ಅಂಥಲ್ಲಿ ಅದೊಂದು ಉಪಕಾರವೇ. 2010ರಲ್ಲಿ ಫ್ರಾನ್ಸಿನ ತರುಣನೊಬ್ಬ ಆರಂಭಿಸಿದ ಲಿಚೆಸ್ ಎಂಬ ತಾಣ ದಾನಿಗಳ ನೆರವಿನಿಂದ ನಡೆಯುತ್ತಿದೆ. ಅಲ್ಲಿ ಶುಲ್ಕವಿಲ್ಲ, ಜಾಹೀರಾತೂ ಇಲ್ಲ. ಮಕ್ಕಳಿಗೆ ಬೇಕಾದ ಸಮಸ್ಯೆಗಳು ರಾಶಿರಾಶಿಯಾಗಿವೆ. ಆದರೆ ಅದೇ ಯಂತ್ರದಲ್ಲಿ ಒಂದು ನಿಮಿಷದಲ್ಲಿ ಮುಗಿಯುವ ಆಟಗಳೂ ಇವೆ. ಅದರ ರುಚಿ ಹತ್ತಿದ ಮಗು ಯೋಚಿಸುವುದನ್ನು ಬಿಟ್ಟು ಬೆರಳೋಡಿಸುವುದನ್ನು ಕಲಿಯುತ್ತದೆ. ಆದ್ದರಿಂದ ದಿನಕ್ಕೆ ಅರ್ಧ ಗಂಟೆ, ಹಿರಿಯರ ಕಣ್ಣೆದುರಿನಲ್ಲಿ, ಸಮಸ್ಯೆಗಳನ್ನು ಬಿಡಿಸುವುದಕ್ಕೆ ಅಥವಾ ನಿಧಾನದ ಆಟಕ್ಕೆ ಮಾತ್ರ ಎಂಬ ಕಟ್ಟು ಇರಲಿ. ಅಪರಿಚಿತರೊಡನೆ ಮಾತುಕತೆಯ ಕಿಟಕಿಯನ್ನು ಮುಚ್ಚಿಡುವುದು ಕ್ಷೇಮ.

ತರಗತಿಗೆ ಸೇರಿಸುವವರು ಗುರುಗಳ ಬಿರುದುಗಳನ್ನು ಕೇಳುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಲಿ. ಒಂದು ಗಂಟೆಯಲ್ಲಿ ಮಕ್ಕಳು ಎಷ್ಟು ನಿಮಿಷ ಸ್ವತಃ ಆಡುತ್ತಾರೆ? ಸೋತ ಮಗುವಿನೊಡನೆ ಕುಳಿತು ಆ ಆಟವನ್ನು ಮತ್ತೆ ನೋಡುತ್ತಾರೆಯೇ? ಹೆಣ್ಣುಮಕ್ಕಳು ಎಷ್ಟು ಮಂದಿ ಬರುತ್ತಾರೆ? ಮೂರನೆಯ ಪ್ರಶ್ನೆಯನ್ನು ಬೇಕೆಂದೇ ಹೇಳಿದೆ. ನಮ್ಮಲ್ಲಿ ಹತ್ತು ವರ್ಷದವರೆಗೆ ಅಣ್ಣನ ಸಮಸಮಕ್ಕೆ ಆಡುವ ಹುಡುಗಿ ಆಮೇಲೆ ಕಾಣೆಯಾಗುತ್ತಾಳೆ. 2025ರ ಜುಲೈಯಲ್ಲಿ ಮಹಿಳಾ ವಿಶ್ವಕಪ್ ಗೆದ್ದ ನಾಗಪುರದ ದಿವ್ಯಾ ದೇಶ್‌ಮುಖ್‌ಳನ್ನು ಪತ್ರಿಕೆಯಲ್ಲಿ ಮೆಚ್ಚಿ, ಮನೆಯ ಮಗಳನ್ನು ಪಂದ್ಯಾಟಕ್ಕೆ ಕಳುಹಿಸಲು ಹಿಂಜರಿಯುವುದು ನ್ಯಾಯವಲ್ಲ.

ಕಡೆಯದಾಗಿ, ಚದುರಂಗ ಕಲಿತರೆ ಗಣಿತದಲ್ಲಿ ಅಂಕ ಹೆಚ್ಚುತ್ತದೆಂಬ ಪ್ರಚಾರವನ್ನು ನಂಬಿ ಹಣ ಸುರಿಯಬೇಡಿ. ಇಂಗ್ಲೆಂಡಿನ 100 ಪ್ರಾಥಮಿಕ ಶಾಲೆಗಳಲ್ಲಿ ನಡೆಸಿ 2016ರಲ್ಲಿ ಪ್ರಕಟಿಸಿದ ಪರೀಕ್ಷಣದಲ್ಲಿ, ಚದುರಂಗದ ಪಾಠ ಮುಗಿದು ಒಂದು ವರ್ಷ ಕಳೆದ ಬಳಿಕ ಆ ಮಕ್ಕಳ ಗಣಿತ ಉಳಿದವರಿಗಿಂತ ಮೇಲಾಗಿದ್ದುದು ಕಂಡುಬರಲಿಲ್ಲ. ಆಟವನ್ನು ಆಟಕ್ಕಾಗಿಯೇ ಕಲಿಸೋಣ. ಮುಟ್ಟಿದ ಕಾಯಿಯನ್ನೇ ನಡೆಸಬೇಕು, ನಡೆಸಿದ್ದನ್ನು ಹಿಂದಕ್ಕೆ ತರುವಂತಿಲ್ಲ, ಸೋತವನೂ ಗೆದ್ದವನ ಕೈ ಕುಲುಕಿ ಏಳಬೇಕು: ಇಷ್ಟನ್ನು ಮಗು ಮೈಗೂಡಿಸಿಕೊಂಡರೆ ಅದೇ ದೊಡ್ಡ ಲಾಭ.

ವಿಶ್ವನಾಥನ್ ಆನಂದ್ ಆರನೆಯ ವಯಸ್ಸಿನಲ್ಲಿ ಈ ಆಟವನ್ನು ಕಲಿತದ್ದು ತಮ್ಮ ತಾಯಿಯಿಂದ. ಹಾಸು, ಕಾಯಿ, ಒಂದು ಪುಸ್ತಕ, ಒಂದು ಪೆನ್ಸಿಲ್ಲು. ಇವನ್ನು ಒಂದೇ ಚೀಲದಲ್ಲಿ ಮನೆಗೆ ತರಬಹುದು. ಚೀಲದಲ್ಲಿ ತರಲಾಗದ್ದು, ಸಂಜೆಯ ಕೆಲಸ ಬದಿಗಿಟ್ಟು ಮಗುವಿನ ಎದುರಿಗೆ ಕುಳಿತುಕೊಳ್ಳುವ ಹಿರಿಯರ ಒಂದು ಗಂಟೆಯ ಬಿಡುವು. ಅದನ್ನು ಮೊದಲು ಹೊಂದಿಸಿಕೊಂಡು, ಆಮೇಲೆ ಅಂಗಡಿಗೆ ಹೋಗುವುದು ಲೇಸು.