ದಾನವೋ, ಮಾರಾಟವೋ?

1954ರಲ್ಲಿ ತೆರೆಕಂಡ ‘ಬೇಡರ ಕಣ್ಣಪ್ಪ’ ಚಿತ್ರದಲ್ಲಿ ರಾಜ್‌ಕುಮಾರ್ ಅವರ ಕಣ್ಣಪ್ಪ ಶಿವನಿಗೆ ತನ್ನ ಕಣ್ಣನ್ನೇ ಕಿತ್ತುಕೊಟ್ಟ. ಅದೇ ವರ್ಷ ಡಿಸೆಂಬರ್ 23ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ಡಾ. ಜೋಸೆಫ್ ಮರ್ರೇ ಒಬ್ಬನ ಮೂತ್ರಪಿಂಡವನ್ನು ಅವನ ಅವಳಿ ಸೋದರನಿಗೆ ಕಸಿ ಮಾಡಿ ಯಶಸ್ವಿಯಾದರು. 2006ರಲ್ಲಿ ರಾಜ್‌ಕುಮಾರ್ ತೀರಿಕೊಂಡಾಗ ಅವರ ಕಣ್ಣುಗಳು ನಿಜಕ್ಕೂ ದಾನವಾದವು.

ಆದರೆ ಕಣ್ಣಿಗೂ ಮೂತ್ರಪಿಂಡಕ್ಕೂ ಒಂದು ವ್ಯತ್ಯಾಸವಿದೆ. ಕಣ್ಣನ್ನು ಕೊಡುವುದು ಸತ್ತ ಮೇಲೆ. ಮೂತ್ರಪಿಂಡಗಳು ಎರಡಿರುವುದರಿಂದಲೂ, ಆರೋಗ್ಯವಂತರಿಗೆ ಒಂದೇ ಸಾಕಾಗುವುದರಿಂದಲೂ ಒಂದನ್ನು ಬದುಕಿದ್ದಾಗಲೇ ಕೊಡಬಹುದು. ಹೊಸದನ್ನು ರೋಗಿಯ ಕಿಬ್ಬೊಟ್ಟೆಯಲ್ಲಿ ಕೂರಿಸುತ್ತಾರೆ. ಹಳೆಯವನ್ನು ಸಾಮಾನ್ಯವಾಗಿ ತೆಗೆಯುವುದಿಲ್ಲ. ಭಾರತದಲ್ಲಿ ಇದು ಮೊದಲು ಯಶಸ್ವಿಯಾದದ್ದು 1971ರಲ್ಲಿ, ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ.

ಬೇರೊಬ್ಬರ ಅಂಗವನ್ನು ದೇಹ ಸುಲಭವಾಗಿ ಒಪ್ಪದು. 1980ರ ದಶಕದಲ್ಲಿ ಬಳಕೆಗೆ ಬಂದ ಸೈಕ್ಲೋಸ್ಪೋರಿನ್ ಔಷಧ ಈ ವಿರೋಧವನ್ನು ಹತ್ತಿಕ್ಕಿತು. ರಕ್ತಸಂಬಂಧವಿಲ್ಲದವರ ಮೂತ್ರಪಿಂಡವೂ ಒಗ್ಗತೊಡಗಿತು. ರೋಗಿಗಳಿಗೆ ವರವಾದ ಈ ಔಷಧವೇ ದಲ್ಲಾಳಿಗಳಿಗೂ ದಾರಿ ಮಾಡಿಕೊಟ್ಟಿತು. ಸಾಲದಲ್ಲಿ ಮುಳುಗಿದವರು ಅಂಗ ಮಾರಿಕೊಂಡರು. 1995ರಲ್ಲಿ ಬೆಂಗಳೂರಿನ ಮೂತ್ರಪಿಂಡ ಹಗರಣ ಬಯಲಾದಾಗ ನಾಡೇ ತಲೆತಗ್ಗಿಸಿತು.

ಸಂಸತ್ತು 1994ರಲ್ಲಿಯೇ ಮಾನವ ಅಂಗಾಂಗ ಕಸಿ ಕಾಯಿದೆಯನ್ನು ಅಂಗೀಕರಿಸಿತ್ತು. ಅದರ ಪ್ರಕಾರ ಅಂಗದ ಮಾರಾಟ ಅಪರಾಧ. ಬದುಕಿರುವವರಲ್ಲಿ ಹತ್ತಿರದ ಬಂಧುಗಳು ಕೊಡಬಹುದು. ಉಳಿದವರಿಗೆ ಸಮಿತಿಯ ಅನುಮತಿ ಬೇಕು. ಇನ್ನೂ ಮುಖ್ಯವಾಗಿ, ಮಿದುಳಿನ ಸಾವನ್ನೂ ಕಾಯಿದೆ ಸಾವೆಂದು ಒಪ್ಪಿತು. ಮಿದುಳು ಶಾಶ್ವತವಾಗಿ ನಿಂತ ಮೇಲೂ ಯಂತ್ರದ ಉಸಿರಿನಿಂದ ಹೃದಯ ಕೆಲಕಾಲ ಮಿಡಿಯುತ್ತದೆ. ನಾಲ್ವರು ವೈದ್ಯರ ಮಂಡಳಿ ಆರು ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ಸಾವನ್ನು ದೃಢಪಡಿಸಬೇಕು. ಬಳಿಕ ಮನೆಯವರು ಒಪ್ಪಬೇಕು. 2021ರ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಅವರ ಮನೆಯವರು ಹೀಗೆ ಒಪ್ಪಿದರು. ಕರ್ನಾಟಕದಲ್ಲಿ ಇಂಥ ಅಂಗಗಳ ಹಂಚಿಕೆಯನ್ನು ನೋಡಿಕೊಳ್ಳುವ ಸಂಸ್ಥೆ ‘ಜೀವಸಾರ್ಥಕತೆ’.

ಕಾಯುವ ರೋಗಿಗಳು ಹೆಚ್ಚು, ಕೊಡುವವರು ಕಡಿಮೆ. ಈ ಕೊರತೆ ಇರುವವರೆಗೂ ದಲ್ಲಾಳಿಯ ಕಣ್ಣು ಬಡವರ ಮೇಲಿರುತ್ತದೆ. ಜಗಳೂರಿನಂಥ ಬರದ ಸೀಮೆಯಲ್ಲಿ ಬೆಳೆ ಕೈಕೊಟ್ಟ ವರ್ಷ ಸಾಲಗಾರನ ಮೈಯೇ ಸರಕಾಗಬಾರದು ಎಂದರೆ ಕಾಯಿದೆಯೊಂದೇ ಸಾಲದು. ಸತ್ತವರಿಂದ ಬರುವ ದಾನ ಹೆಚ್ಚಬೇಕು. ಆ ಮಾತನ್ನು ಮನೆಯಲ್ಲಿ ಮೊದಲೇ ಆಡಿಟ್ಟಿರುವುದು ಒಳ್ಳೆಯದು. ಆಸ್ಪತ್ರೆಯಲ್ಲಿ ವೈದ್ಯರು ಕೇಳುವ ಹೊತ್ತಿಗೆ ಉತ್ತರ ಹೇಳಬೇಕಾದವರು ಅಳುತ್ತಿರುವ ನಮ್ಮ ಮನೆಯವರು.