ಗಾಜಿನೊಳಗಿನ ಊಟ

ಮೂಲಂಗಿ ಬಿಲ್ಲೆಯ ಅಂಚಿನಲ್ಲಿ ಒಂದು ಹನಿ ನೀರು ನಿಂತಿತ್ತು. ಈಗ ಜಾರುತ್ತದೆ, ಇನ್ನೇನು ಜಾರುತ್ತದೆ ಎಂದು ಗಾಜಿಗೆ ಮೂಗು ತಾಗಿಸಿಕೊಂಡು ಕಾದೆ. ಹಿಂದೆ ಸರದಿಯಲ್ಲಿ ನಿಂತಿದ್ದ ಅಜ್ಜಿಯೊಬ್ಬರು ನಕ್ಕರು. ಆ ಹನಿ ಎಷ್ಟೋ ಕಾಲದಿಂದ ಅಲ್ಲೇ ನಿಂತಿದೆ. ಅದು ನೀರಲ್ಲ, ರಾಳ. ಮೂಲಂಗಿಯೂ ಮೂಲಂಗಿಯಲ್ಲ. ಪಕ್ಕದ ಬಟ್ಟಲಿನ ಅನ್ನ, ಸಾರಿನ ಮೇಲೆ ತೇಲುವ ಎಣ್ಣೆಯ ಉಂಗುರಗಳು, ಲೋಟದಂಚಿಗೆ ಬಂದು ನಿಂತ ಬಿಯರಿನ ನೊರೆ, ಯಾವುದನ್ನೂ ಬಾಯಿಗಿಡುವಂತಿಲ್ಲ.

ಟೋಕಿಯೊದ ಒಂದು ರೈಲು ನಿಲ್ದಾಣದ ನೆಲಮಾಳಿಗೆ ಅದು. ಸಾಲು ಹೋಟೆಲುಗಳು, ಒಂದೊಂದರ ಮುಂದೂ ಒಂದೊಂದು ಗಾಜಿನ ಕಪಾಟು. ಒಳಗೆ ಏನೇನು ಸಿಗುತ್ತದೋ ಅದೆಲ್ಲದರ ಪ್ರತಿರೂಪ ಅಲ್ಲಿರುತ್ತದೆ, ಅದೇ ಅಳತೆಯಲ್ಲಿ, ಅಂಥದೇ ತಟ್ಟೆಯಲ್ಲಿ, ಮುಂದೊಂದು ಬೆಲೆಚೀಟಿಯ ಸಮೇತ. ಜಪಾನೀಯರು ಇದಕ್ಕೆ ‘ಶೊಕುಹಿನ್ ಸಾಂಪುರು’ ಎನ್ನುತ್ತಾರೆ. ಶೊಕುಹಿನ್ ಎಂದರೆ ತಿನ್ನುವ ಪದಾರ್ಥ. ಸಾಂಪುರು ಬೇರೇನಲ್ಲ, ನಮ್ಮ ಚಿಕ್ಕಪೇಟೆಯ ಬಟ್ಟೆ ಅಂಗಡಿಯಲ್ಲೂ ಕೇಳಿಬರುವ ‘ಸ್ಯಾಂಪಲ್’, ಜಪಾನೀ ನಾಲಿಗೆಯ ಮೇಲೆ ಒಂದು ಸುತ್ತು ಹೊರಳಿದ್ದು.

ಟೂರ್ ಕಂಪನಿಯ ಜೊತೆ ಹೋದವರಿಗೆ ಈ ಕಪಾಟಿನ ಬೆಲೆ ತಿಳಿಯುವುದು ಕಷ್ಟ. ಅವರ ಜೊತೆಗೆ ಅಡುಗೆಯವರೂ ಹೊರಟಿರುತ್ತಾರೆ, ಫ್ಯೂಜಿ ಪರ್ವತದ ಬುಡದಲ್ಲೂ ಉಪ್ಪಿಟ್ಟು ಸಿಗುತ್ತದೆ. (ಅದರಲ್ಲಿ ತಪ್ಪೇನಿಲ್ಲ. ಮೂರನೇ ದಿನ ನನಗೇ ಹೊಟ್ಟೆಕಿಚ್ಚಾಯಿತು.) ಬೆನ್ನಿಗೊಂದು ಚೀಲ ಹಾಕಿಕೊಂಡು ಒಬ್ಬನೇ ಅಲೆಯುವವನ ಪಾಡು ಬೇರೆ. ಓಡಾಟಕ್ಕೇನೂ ಕಷ್ಟವಿಲ್ಲ. ಸುಯಿಕಾ ಕಾರ್ಡನ್ನು ಗೇಟಿಗೆ ತಾಗಿಸಿದರೆ ಬಾಗಿಲು ತೆರೆಯುತ್ತದೆ. ಸುರಂಗ ರೈಲಿನ ಪ್ರತಿ ನಿಲ್ದಾಣಕ್ಕೂ ಹೆಸರಿನ ಜೊತೆ ಅಂಕಿಯಿದೆ, ‘ಜಿ 18’ ಎಂದು ನೆನಪಿಟ್ಟುಕೊಂಡರೆ ತವರಾಮಾಚಿಯಲ್ಲಿ ಇಳಿಯಬಹುದು, ಹೆಸರು ನಾಲಿಗೆಗೆ ಹೊರಳದಿದ್ದರೂ. ಫಜೀತಿ ಶುರುವಾಗುವುದು ಹೊಟ್ಟೆ ಹಸಿದಾಗ. ಮೂರು ಬಗೆಯ ಲಿಪಿಗಳು ಒಂದೇ ಸಾಲಿನಲ್ಲಿ ಬೆರೆತ ಮೆನು ಮುಂದಿರುತ್ತದೆ. ಫೋನಿನ ಕ್ಯಾಮೆರಾ ಹಿಡಿದರೆ ‘ತಂದೆತಾಯಿ ಮತ್ತು ಮಗು’ ಎಂಬ ತಿಂಡಿ ತೋರಿಸುತ್ತದೆ. ಗಾಬರಿ ಬೇಡ, ಅದು ಓಯಾಕೊದೋನ್. ಅನ್ನದ ಮೇಲೆ ಕೋಳಿ, ಜೊತೆಗೆ ಅದರ ಮೊಟ್ಟೆ. ಅನುವಾದ ಅಕ್ಷರಶಃ ಸರಿ, ಉಪಯೋಗ ಮಾತ್ರ ಸೊನ್ನೆ. ಗಾಜಿನ ಕಪಾಟಿನಲ್ಲಿ ಅದೇ ಬಟ್ಟಲನ್ನು ನೋಡಿದರೆ ಅರೆಗಳಿಗೆಯಲ್ಲಿ ಗೊತ್ತಾಗುತ್ತದೆ, ಇದು ಸಸ್ಯಾಹಾರಿಯಾದ ನನಗಲ್ಲ ಎಂದು.

ಆದ್ದರಿಂದ ನನ್ನ ಜಪಾನೀ ಭಾಷೆ ಎರಡು ಪದಕ್ಕೆ ನಿಂತಿತು: ‘ಕೊರೆ, ಕುದಸಾಯ್.’ ಇದು ಕೊಡಿ. ಬಡಿಸುವವರನ್ನು ಕೈಸನ್ನೆ ಮಾಡಿ ಹೊರಗೆ ಕರೆದು, ಗಾಜಿನ ಮೇಲೆ ಬೆರಳಿಟ್ಟು ಈ ಎರಡು ಪದ ಹೇಳಿದರೆ ಯಾರೂ ಮುಖ ಸಿಂಡರಿಸುವುದಿಲ್ಲ. ಕಪಾಟು ಇರುವುದೇ ಅದಕ್ಕೆ. ಹಾಗಂತ ಅದು ಹುಟ್ಟಿದ್ದು ವಿದೇಶಿಯರಿಗಾಗಿ ಅಲ್ಲ.

1923ರ ಸೆಪ್ಟೆಂಬರಿನ ಕಾಂತೋ ಭೂಕಂಪ ಟೋಕಿಯೊವನ್ನು ನೆಲಸಮ ಮಾಡಿತು. ಆಮೇಲೆ ಮತ್ತೆ ತಲೆಯೆತ್ತಿದ ಶಿರೋಕಿಯಾ ಎಂಬ ದೊಡ್ಡ ಮಳಿಗೆಯ ಊಟದ ಮನೆಯಲ್ಲಿ ಮೇಣದ ಮಾದರಿಗಳನ್ನು ಜೋಡಿಸಿಟ್ಟರು. ಜನಜಂಗುಳಿ ಹೆಚ್ಚು, ಏನೇನಿದೆ ಎಂದು ಒಬ್ಬೊಬ್ಬರಿಗೂ ವಿವರಿಸುತ್ತ ನಿಂತರೆ ಸರದಿ ಕರಗದು. ನೋಡಿ, ಆರಿಸಿ, ಚೀಟಿ ತೆಗೆದುಕೊಂಡು ಒಳಗೆ ಬನ್ನಿ ಎಂಬ ಏರ್ಪಾಡು. ಅದಕ್ಕೂ ಮೊದಲು ಕ್ಯೋಟೋದಲ್ಲಿ ವೈದ್ಯರಿಗಾಗಿ ಮೇಣದಲ್ಲಿ ರೋಗದ ಮಾದರಿಗಳನ್ನು ಮಾಡುವ ಕೈಗಳಿದ್ದವು. ಹುಣ್ಣು, ದದ್ದುಗಳನ್ನು ಮಾಡುತ್ತಿದ್ದ ವಿದ್ಯೆ ಊಟದ ಕಡೆಗೆ ಹೊರಳಿತು. ಊಟದ ಹೊತ್ತಿನಲ್ಲಿ ಇದನ್ನು ನೆನೆಯದಿರುವುದು ಒಳ್ಳೆಯದು.

ಇದನ್ನು ಒಂದು ಉದ್ಯಮವಾಗಿ ಕಟ್ಟಿದವರು ಇವಾಸಾಕಿ ತಾಕಿಜೋ. 1895ರಲ್ಲಿ ಗಿಫು ಸೀಮೆಯ ಬೆಟ್ಟಗಳ ನಡುವಿನ ಗುಜೋ ಹಾಚಿಮಾನ್‌ನಲ್ಲಿ ಹುಟ್ಟಿದವರು. ಹುಡುಗನಾಗಿದ್ದಾಗ ಉರಿಯುವ ಮೋಂಬತ್ತಿಯ ಮೇಣ ನೀರಿಗೆ ತೊಟ್ಟಿಕ್ಕಿ ಹೂವಿನಂತೆ ಅರಳಿದ್ದನ್ನು ಕಂಡರಂತೆ. ಆ ನೋಟ ತಲೆಯಲ್ಲಿ ಉಳಿದು, 1932ರಲ್ಲಿ ಒಸಾಕಾದಲ್ಲಿ ಮೇಣದ ತಿನಿಸುಗಳ ಅಂಗಡಿ ತೆರೆಯಿತು. ಮೊದಲು ಕೈಗೂಡಿದ್ದು ಆಮ್ಲೆಟ್ಟು. ಹೆಂಡತಿ ಮಾಡಿಟ್ಟ ಆಮ್ಲೆಟ್ಟಿನ ಪಕ್ಕದಲ್ಲಿ ತಾವು ಮಾಡಿದ್ದನ್ನು ಇಟ್ಟಾಗ, ತನ್ನದು ಯಾವುದೆಂದು ಆಕೆಗೇ ತಿಳಿಯಲಿಲ್ಲವೆಂಬ ಕಥೆಯನ್ನು ಇವತ್ತಿಗೂ ಹೇಳುತ್ತಾರೆ. ಮುಂದೆ ಅವರು ಹುಟ್ಟೂರಿನಲ್ಲೂ ಕಾರ್ಖಾನೆ ಹಾಕಿದರು. ದೇಶದ ಗಾಜಿನ ಕಪಾಟುಗಳಿಗೆ ಹೋಗುವ ಮಾದರಿಗಳಲ್ಲಿ ದೊಡ್ಡ ಪಾಲು ಈಗಲೂ ಆ ಸಣ್ಣ ಊರಿನದು.

ಅಲ್ಲಿಗೆ ಹೋಗಲೇಬೇಕೆನಿಸಿತು. ನಗೋಯಾವರೆಗೆ ಶಿಂಕಾನ್ಸೆನ್, ಅಲ್ಲಿಂದ ಮಿನೊ–ಓತಾ, ಆಮೇಲೆ ನಾಗಾರಾ ನದಿಯ ದಂಡೆ ಹಿಡಿದು ಹೋಗುವ ಒಂಟಿ ಡಬ್ಬಿಯ ಡೀಸೆಲ್ ರೈಲು. ನಗೋಯಾದಿಂದ ನೇರ ಬಸ್ಸೂ ಇದೆ, ಬೇಗ ಮುಟ್ಟಿಸುತ್ತದೆ. ಆದರೆ ನದಿಯನ್ನು ದಾಟುತ್ತ, ಮತ್ತೆ ದಾಟುತ್ತ ಹೋಗುವ ಆ ರೈಲನ್ನು ಬಿಟ್ಟು ಬಸ್ಸು ಹತ್ತುವವರ ಬಗ್ಗೆ ನನಗೆ ಕನಿಕರವಿದೆ. ಊರೊಳಗೆ ಬೀದಿ ಬೀದಿಯ ಬದಿಗೂ ನೀರಿನ ಕಾಲುವೆ. ಬೇಸಿಗೆಯಲ್ಲಿ ಮೂವತ್ತಕ್ಕೂ ಹೆಚ್ಚು ರಾತ್ರಿ ಬೀದಿಯಲ್ಲಿ ಕುಣಿಯುವ ಊರು; ಆಗಸ್ಟಿನ ಪಿತೃಹಬ್ಬದ ನಾಲ್ಕು ರಾತ್ರಿಯಂತೂ ಬೆಳಗಿನವರೆಗೆ. ನಾನು ಹೋದಾಗ ಕುಣಿತ ಇರಲಿಲ್ಲ, ಮೇಣ ಇತ್ತು.

ಪ್ರವಾಸಿಗರಿಗೆ ಕೈಯಿಂದಲೇ ಮಾಡಿಸಿ ಕಲಿಸುವ ಕಮ್ಮಟವೊಂದರಲ್ಲಿ ಕೂತೆ. ಮುಂದೆ ಸ್ನಾನಕ್ಕೆ ಸಾಕೆನ್ನುವಷ್ಟು ಬೆಚ್ಚಗಿನ ನೀರು ತುಂಬಿದ ತೊಟ್ಟಿ, ಪಕ್ಕದಲ್ಲಿ ಕರಗಿದ ಮೇಣದ ಪಾತ್ರೆಗಳು: ಹಳದಿ, ಬಿಳಿ, ಹಸಿರು. ಕಲಿಸುವಾಕೆ ಸೌಟಿನಲ್ಲಿ ಹಳದಿ ಮೇಣ ಎತ್ತಿಕೊಂಡು ಮೊಳದೆತ್ತರದಿಂದ ಸಣ್ಣಗೆ, ಕೈಯಾಡಿಸುತ್ತ ನೀರಿನ ಮೇಲೆ ಬಿಟ್ಟರು. ನಮ್ಮಲ್ಲಿ ಬೂಂದಿ ಉದುರಿಸುವವರ ಕೈ ನೆನಪಾಯಿತು. ನೀರು ಮುಟ್ಟಿದೊಡನೆ ಮೇಣ ಸಿಡಿದು, ಹರಡಿ, ತೂತುತೂತಾದ ಜಾಲವಾಯಿತು. ಅದರ ಮೇಲೆ ಮೊದಲೇ ಮಾಡಿಟ್ಟ ಕುಂಬಳದ ಹೋಳನ್ನಿಟ್ಟು, ನೀರಿನೊಳಗೇ ಎರಡೂ ಕಡೆಯಿಂದ ಜಾಲವನ್ನು ಮಡಚಿ ಅದಕ್ಕೆ ಹೊದಿಸಿದರು. ಮೇಲೆತ್ತಿದಾಗ ಅದು ಆಗತಾನೆ ಬಾಣಲೆಯಿಂದ ತೆಗೆದ ಟೆಂಪುರಾ, ಹಿಟ್ಟಿನ ಕುರುಕಲು ಅಂಚಿನ ಸಮೇತ. ನಾನು ಮಾಡಿದ್ದು ಮೈದಾ ಉಂಡೆಯಂತೆ ಕೂತಿತು. ಸೌಟನ್ನು ತೀರ ಕೆಳಗೆ ಹಿಡಿದಿದ್ದೆ, ಹನಿಗೆ ಬೀಳುವಷ್ಟು ಎತ್ತರವೇ ಸಿಕ್ಕಿರಲಿಲ್ಲ.

ಆಮೇಲೆ ಲೆಟ್ಯೂಸ್. ಬಿಳಿ ಮೇಣವನ್ನು ನೀರಿನ ಮೇಲೆ ಒಂದು ಪಟ್ಟಿಯಂತೆ ಹೊಯ್ದರು, ಅದಕ್ಕೆ ಅಂಟಿಕೊಂಡಂತೆ ಹಸಿರನ್ನು ಅಗಲವಾಗಿ ಹೊಯ್ದರು. ಎರಡು ಕೈಯಲ್ಲಿ ಆ ಹಾಳೆಯ ಅಂಚು ಹಿಡಿದು ಮೆಲ್ಲಗೆ ನೀರಿನೊಳಗೆ ಎಳೆದರು. ಅಷ್ಟೇ. ಎಳೆದಂತೆಲ್ಲ ಹಾಳೆ ತೆಳುವಾಗುತ್ತ, ನೀರಿನ ತಡೆಗೆ ನಿರಿಗೆಗಟ್ಟುತ್ತ ಎಲೆಯೇ ಆಯಿತು, ನಡುವೆ ನರಗಳಂಥ ಗೆರೆಗಳೂ ಮೂಡಿದವು. ಆ ಗೆರೆಗಳನ್ನು ಯಾರೂ ಬರೆದಿರಲಿಲ್ಲ. ಎಲೆಯನ್ನು ಉಂಡೆಯಾಗಿ ಸುತ್ತಿ ಚಾಕುವಿನಿಂದ ಎರಡು ಹೋಳು ಮಾಡಿದಾಗ ಒಳಗೆ ಸುಳಿಸುಳಿಯಾಗಿ ಪದರಗಳು. ಸುತ್ತ ಕೂತಿದ್ದ ಬೆಳೆದ ಜನ ಮಕ್ಕಳಂತೆ ‘ಓ’ ಎಂದರು. ನಾನೂ ಎಂದೆ.

ಇದು ಹಳೆಯ ವಿದ್ಯೆ. ಅಂಗಡಿಗೆ ಹೋಗುವ ಸರಕನ್ನು ಈಗ ಹೀಗೆ ಮಾಡುವುದಿಲ್ಲ. ಮೇಣ ಬಿಸಿಲಿಗೆ ಬಾಗುತ್ತದೆ, ಕಪಾಟಿನ ದೀಪಕ್ಕೆ ಬಣ್ಣಗೆಡುತ್ತದೆ. 1970ರ ದಶಕದಿಂದೀಚೆಗೆ ಆ ಜಾಗಕ್ಕೆ ವಿನೈಲ್ ರಾಳ ಬಂತು. ಅಚ್ಚೂ ಬದಲಾಯಿತು. ಮೊದಲು ಅಗರ್ ಅಗರ್‌ನ ಅಚ್ಚು ಮಾಡುತ್ತಿದ್ದರು. ನಾವು ಚೈನಾ ಗ್ರಾಸ್ ಎಂದು ತಂದು ಪುಡ್ಡಿಂಗ್ ಮಾಡುತ್ತೇವಲ್ಲ, ಅದೇ. ಈಗ ಸಿಲಿಕೋನ್. ಹೋಟೆಲಿನವರು ತಮ್ಮ ಅಡುಗೆಯನ್ನೇ ಕಾರ್ಖಾನೆಗೆ ಕಳಿಸುತ್ತಾರೆ. ಕುಶಲಕರ್ಮಿ ಅದನ್ನು ಬಿಡಿಸಿ, ಒಂದೊಂದು ಹೋಳಿಗೂ ಬೇರೆ ಬೇರೆ ಅಚ್ಚು ತೆಗೆದು, ಬಣ್ಣ ಕಲಸಿದ ರಾಳವನ್ನು ಎರಕ ಹೊಯ್ದು, ಒಲೆಯಲ್ಲಿ ಕಾಯಿಸಿ ಗಟ್ಟಿ ಮಾಡುತ್ತಾನೆ. ಅಂಚು ಕತ್ತರಿಸಿ ಬಣ್ಣ ಕೊಡುತ್ತಾನೆ. ಬಳಿಕ ಬಾಣಸಿಗನ ಹಾಗೆಯೇ ತಟ್ಟೆಯಲ್ಲಿ ಜೋಡಿಸುತ್ತಾನೆ.

ಅಚ್ಚು ತೆಗೆಯುವುದು ಇದರಲ್ಲಿ ಚಿಕ್ಕ ಕೆಲಸ. ಇದ್ದದ್ದನ್ನು ಇದ್ದಂತೆ ತೆಗೆದರೆ ಹೆಣದಂತೆ ಕಾಣುತ್ತದೆ. ರುಚಿ ಕಾಣಬೇಕಾದರೆ ಕುಂಚ ಬೇಕು. ಹುರಿದ ಮೀನಿನ ಚರ್ಮ ಒಂದು ಕಡೆ ಸೀದು ಗುಳ್ಳೆಯೆದ್ದಿರಬೇಕು. ಕಣ್ಣುಮೊಟ್ಟೆಯ ಬಿಳಿ ಅಂಚಿಗೆ ಬರುಬರುತ್ತ ಪಾರದರ್ಶಕವಾಗಬೇಕು, ಹಳದಿ ಈಗ ಒಡೆಯುತ್ತದೇನೋ ಎಂಬಂತೆ ನಡುಗಬೇಕು. ನಡುಗುವುದಿಲ್ಲ, ನಡುಗಿದಂತಿರಬೇಕು. ಒಂದೇ ದಪ್ಪ ಬಣ್ಣದಲ್ಲಿ ಇದು ಬರದು. ತೆಳುವಾದ ಬಣ್ಣವನ್ನು ಪದರದ ಮೇಲೆ ಪದರವಾಗಿ ಕೊಟ್ಟು ಒಳಗಿನ ಬಣ್ಣ ಹೊರಕ್ಕೆ ಇಣುಕುವಂತೆ ಮಾಡಬೇಕು. ನನ್ನ ಮೂಲಂಗಿಯ ಹನಿ ಕೂಡ ಅಂಥದೇ ಕೊನೆಯ ಕೆಲಸ. ಅದಿಲ್ಲದಿದ್ದರೆ ಅದು ಬರಿ ಬಿಳಿ ಬಿಲ್ಲೆ; ಅದಿದ್ದರೆ ಈಗಷ್ಟೇ ತೊಳೆದು ಹೆಚ್ಚಿದ್ದು. ಗೋಕಾಕದ ಬಣ್ಣದ ಹಣ್ಣುಗಳು ನಮ್ಮ ಕಣ್ಣನ್ನು ಮೋಸಗೊಳಿಸುವುದು ಆಕಾರದಿಂದ. ಇವರು ಹೊತ್ತನ್ನೂ ಹಿಡಿಯುತ್ತಾರೆ, ಒಲೆಯಿಂದಿಳಿಸಿದ ಮೊದಲ ಅರ್ಧ ನಿಮಿಷವನ್ನು.

ಈ ಕಸುಬಿನ ಚೇಷ್ಟೆಗೂ ಒಂದು ಸಂಪ್ರದಾಯವಿದೆ. ಸ್ಪಗೆಟ್ಟಿಯ ತಟ್ಟೆಯ ಮೇಲೆ ಗಾಳಿಯಲ್ಲಿ ನಿಂತ ಫೋರ್ಕು, ಅದಕ್ಕೆ ಸುತ್ತಿಕೊಂಡು ತಟ್ಟೆಯವರೆಗೆ ಇಳಿಬಿದ್ದ ಶಾವಿಗೆ. ಹಿಡಿದ ಕೈ ಇಲ್ಲ. ಫೋರ್ಕಿಗೆ ಆಧಾರ ಆ ಶಾವಿಗೆಯೊಳಗೇ ಅಡಗಿದೆ. ಮಾದರಿಯೊಂದರ ಬೆಲೆ ಅದೇ ಊಟದ ಬೆಲೆಯ ಹತ್ತುಪಟ್ಟನ್ನೂ ಮೀರುತ್ತದೆ. ಕೊಳ್ಳುವ ಆಸೆಯಿದ್ದವರು, ನಾನು ಹೇಳಿದ ಆ ‘ಜಿ 18’ರಲ್ಲಿ ಇಳಿದು ಕಪ್ಪಾಬಾಶಿ ಬೀದಿಗೆ ನಡೆಯಬೇಕು. ಸುಮಾರು 800 ಮೀಟರ್ ಉದ್ದಕ್ಕೂ ಹೋಟೆಲಿಗೆ ಬೇಕಾದ ಸಾಮಾನಿನದೇ ಅಂಗಡಿಗಳು, ತಲೆಬಾಗಿಲಲ್ಲಿ ಕಟ್ಟಡದ ಮೇಲೊಂದು ದೈತ್ಯ ಬಾಣಸಿಗನ ತಲೆ. ನಾನು ಕೀಲಿಕೈಗೆ ನೇತುಹಾಕುವ ಒಂದು ಸುಶಿ ಕೊಂಡು, ಉಳಿದದ್ದರ ಬೆಲೆ ನೋಡಿ ಹೊರಬಂದೆ.

ಹಾಗಾದರೆ ಗಾಜಿನ ಕಪಾಟನ್ನು ನಂಬಬಹುದೆ? ಅಳತೆಯಲ್ಲಿ, ಬೆಲೆಯಲ್ಲಿ, ತಟ್ಟೆಯಲ್ಲಿ ಎಷ್ಟು ಹೋಳು ಎಂಬಲ್ಲಿ ನಾನು ಕಣ್ಮುಚ್ಚಿ ನಂಬಿದೆ, ಒಮ್ಮೆಯೂ ಕೈಕೊಡಲಿಲ್ಲ. ನಮ್ಮ ಹೋಟೆಲುಗಳ ಗೋಡೆಯ ಮೇಲಿನ ಮಸಾಲೆದೋಸೆಯ ಫೋಟೋಕ್ಕೂ ತಟ್ಟೆಗೆ ಬರುವ ದೋಸೆಗೂ ಇರುವ ನೆಂಟಸ್ತಿಕೆ ನಿಮಗೆ ಗೊತ್ತೇ ಇದೆ. ಇಲ್ಲಿ ಹಾಗಿಲ್ಲ. ಆದರೂ ಒಮ್ಮೆ ಎಡವಿದೆ. ಒಂದು ಸಣ್ಣ ಹೋಟೆಲಿನ ಮುಂದೆ ಜಾರು ಸೋಬಾ ಕಂಡಿತು: ಬಿದಿರಿನ ತಟ್ಟೆಯ ಮೇಲೆ ತಣ್ಣನೆಯ ಶಾವಿಗೆ, ಮೇಲೆ ಕತ್ತರಿಸಿದ ಕಡಲಪಾಚಿ, ಅದ್ದಿಕೊಳ್ಳಲು ಒಂದು ಬಟ್ಟಲು ಕಂದು ರಸ. ಮೀನಿಲ್ಲ, ಮಾಂಸವಿಲ್ಲ, ಮೊಟ್ಟೆಯಿಲ್ಲ. ಖುಷಿಯಿಂದ ಬೆರಳಿಟ್ಟೆ. ಅರ್ಧ ಮುಗಿಸಿದ ಮೇಲೆ ಪಕ್ಕದ ಮೇಜಿನ ಯುವಕ ತನಗೆ ಬಂದಷ್ಟು ಇಂಗ್ಲಿಷಿನಲ್ಲಿ ವಿವರಿಸಿದ. ಆ ರಸದ ಜೀವಾಳ ದಾಶಿ, ದಾಶಿಯ ಜೀವಾಳ ಕಾತ್ಸುಒಬುಶಿ. ಹೊಗೆಯಲ್ಲಿ ಒಣಗಿಸಿ ಕಟ್ಟಿಗೆಯಂತಾದ ಮೀನನ್ನು ಬಡಗಿಯ ಉಜ್ಜುಗೊರಡಿನಲ್ಲಿ ತೆಗೆದಂತೆ ಎಳೆಯೆಳೆಯಾಗಿ ಹೆರೆದು, ಬಿಸಿನೀರಿಗೆ ಹಾಕಿ ಸಾರ ತೆಗೆದು, ಸೋಸಿಬಿಡುತ್ತಾರೆ. ಕಣ್ಣಿಗೆ ಉಳಿಯುವುದು ಬಣ್ಣ ಮಾತ್ರ.

ಹೊರಗೆ ಬಂದು ಆ ಬಟ್ಟಲನ್ನು ಮತ್ತೊಮ್ಮೆ ದಿಟ್ಟಿಸಿದೆ. ರಾಳದ ರಸ ತಿಳಿಯಾಗಿ, ತಳದಲ್ಲಿ ತುಸು ಗಾಢವಾಗಿ, ಅಂಚಿನಲ್ಲಿ ಹೊನ್ನಿನಂತೆ ಇತ್ತು. ಒಂದು ಸುಳ್ಳೂ ಇರಲಿಲ್ಲ ಅದರಲ್ಲಿ. ಮೀನು ಒಳಗಿನ ಬಟ್ಟಲಿನಲ್ಲೂ ಕಾಣುತ್ತಿರಲಿಲ್ಲವಲ್ಲ. ಆಮೇಲಿನ ದಿನಗಳಲ್ಲಿ ‘ದಾಶಿ’ ಎಂಬ ಮೂರನೇ ಪದ ಸೇರಿಸಿಕೊಂಡು, ಅದನ್ನು ಪ್ರಶ್ನೆಯ ದನಿಯಲ್ಲಿ ಕೇಳುವುದನ್ನು ರೂಢಿಸಿಕೊಂಡೆ. ಹೌದೆಂದರೆ ಅನ್ನ, ಉಪ್ಪಿನಕಾಯಿ, ಇಲ್ಲವೆಂದರೆ ಹಬ್ಬ. ಬೌದ್ಧ ದೇವಾಲಯಗಳ ಶೋಜಿನ್ ಅಡುಗೆಯಲ್ಲಿ ಕೊಂಬು ಎಂಬ ಕಡಲಪಾಚಿ, ಒಣ ಅಣಬೆಗಳಿಂದಲೇ ದಾಶಿ ತೆಗೆಯುತ್ತಾರೆ, ಅಲ್ಲಿ ನಿಶ್ಚಿಂತೆ. ಆದರೆ ಅಲ್ಲಿ ಗಾಜಿನ ಕಪಾಟು ಇರುವುದಿಲ್ಲ.

ಕಮ್ಮಟದಲ್ಲಿ ನಾನೇ ಎಳೆದು ಸುತ್ತಿದ ಅರ್ಧ ಲೆಟ್ಯೂಸನ್ನು ಅಂಗಿಯಲ್ಲಿ ಸುತ್ತಿ ಜೋಪಾನವಾಗಿ ಊರಿಗೆ ತಂದೆ. ಕಲಬುರಗಿಯ ತಂಗಿಯ ಮನೆಯಲ್ಲಿ ಅದಕ್ಕೆ ಭಾರಿ ಮರ್ಯಾದೆ ಸಿಕ್ಕಿತು, ಕಿಟಕಿಯ ಪಕ್ಕದ ಕಪಾಟಿನಲ್ಲಿ ಜಾಗ ಮಾಡಿ ಇಟ್ಟರು. ಏಪ್ರಿಲ್ ಕೊನೆಯ ವಾರ ತಂಗಿ ಫೋನ್ ಮಾಡಿದಳು. ‘ಅಣ್ಣಾ, ನೀ ತಂದ ಸೊಪ್ಪು ಬಾಡ್ಯದ ನೋಡು.’